ಕಲೆಯಿರುವ ಹರಳು: ಕೊಳ್ಳುವುದೋ, ಬಿಡುವುದೋ?

ಬಣ್ಣದ ರತ್ನಗಳ ಖರೀದಿಯಲ್ಲಿ ಕಣ್ಣು, ಲೆಕ್ಕ ಮತ್ತು ಕಾನೂನು

ಬಂಗಾರದ ವ್ಯಾಪಾರಕ್ಕೂ ಹರಳಿನ ವ್ಯಾಪಾರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಬಂಗಾರದ ದರವನ್ನು ಪ್ರತಿದಿನ ಪತ್ರಿಕೆಯಲ್ಲಿ ನೋಡಬಹುದು. ಅದರ ಶುದ್ಧತೆಯನ್ನು ಹಾಲ್‌ಮಾರ್ಕ್ ಮುದ್ರೆಯಿಂದ ತಿಳಿಯಬಹುದು. ಆದರೆ ಪಚ್ಚೆ, ಮಾಣಿಕ್ಯ, ನೀಲ ಮುಂತಾದ ಬಣ್ಣದ ಹರಳುಗಳಿಗೆ ಅಂತಹ ದೈನಂದಿನ ದರವೂ ಇಲ್ಲ, ವಜ್ರಕ್ಕಿರುವಂತೆ ಎಲ್ಲರೂ ಒಪ್ಪಿಕೊಂಡ ಒಂದೇ ಶ್ರೇಣೀಕರಣವೂ ಇಲ್ಲ. ಹಾಲ್‌ಮಾರ್ಕ್ ಮುದ್ರೆಯು ಲೋಹದ ಶುದ್ಧತೆಗೆ ಸಾಕ್ಷಿಯೇ ಹೊರತು ಅದರಲ್ಲಿ ಕೂರಿಸಿದ ಹರಳಿಗಲ್ಲ. ಆದುದರಿಂದ ಹರಳನ್ನು ಕೊಳ್ಳುವ ವರ್ತಕನು ತನ್ನ ಕಣ್ಣನ್ನೂ ತನ್ನ ಲೆಕ್ಕವನ್ನೂ ನಂಬಿಯೇ ನಡೆಯಬೇಕಾಗುತ್ತದೆ.

ನಮ್ಮ ರಾಜ್ಯದ ಆಭರಣ ವರ್ತಕರಲ್ಲಿಯೂ ಸಣ್ಣ ತಯಾರಕರಲ್ಲಿಯೂ ಅನೇಕರು ಜಯಪುರದ ಹರಳನ್ನು, ಅಲ್ಲಿಗೇ ಹೋಗಿಯೋ ದಲಾಲರ ಮೂಲಕವೋ, ಖರೀದಿಸುತ್ತಾರೆ. ಜಯಪುರದ ಜೌಹರಿ ಬಜಾರ್ ಮತ್ತು ಅದರ ಸುತ್ತಲಿನ ಗಲ್ಲಿಗಳು ಬಣ್ಣದ ಹರಳುಗಳ, ವಿಶೇಷವಾಗಿ ಪಚ್ಚೆಯ, ಕತ್ತರಿಕೆ ಹಾಗೂ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾಗಿವೆ. ಜಾಂಬಿಯಾ, ಬ್ರೆಜಿಲ್, ಕೊಲಂಬಿಯಾ ಮುಂತಾದ ದೇಶಗಳ ಕಚ್ಚಾ ಪಚ್ಚೆ ಅಲ್ಲಿಗೆ ಬಂದು ಕತ್ತರಿಸಲ್ಪಟ್ಟು, ಬಿಳಿಯ ಕಾಗದದ ಪೊಟ್ಟಣಗಳಲ್ಲಿ ದೇಶವಿದೇಶಗಳಿಗೆ ಹೊರಡುತ್ತದೆ. ಆ ಪೊಟ್ಟಣವನ್ನು ಬಿಚ್ಚಿದಾಗ ಕೊಳ್ಳುವವನಿಗೆ ಮೊದಲು ಎದುರಾಗುವ ಪ್ರಶ್ನೆಯೇ ಈ ಲೇಖನದ ವಿಷಯ. ಹರಳಿನೊಳಗೆ ಬರಿಗಣ್ಣಿಗೆ ಕಾಣುವ ಕಲೆಗಳಿವೆ; ಬೆಲೆಯೂ ಅದಕ್ಕೆ ತಕ್ಕಂತೆ ಕಡಿಮೆಯಿದೆ. ಕೊಳ್ಳಬಹುದೇ?

ಈ ಪ್ರಶ್ನೆಗೆ ‘ಕಲೆ ಇದ್ದರೆ ಬೇಡ’ ಎಂದು ಉತ್ತರಿಸುವುದು ಸುಲಭ. ‘ಅಗ್ಗವಾಗಿದ್ದರೆ ತೆಗೆದುಕೊಳ್ಳಿ’ ಎನ್ನುವುದು ಇನ್ನೂ ಸುಲಭ. ಎರಡೂ ಉತ್ತರಗಳು ವ್ಯಾಪಾರಿಗೆ ನಷ್ಟ ತರಬಲ್ಲವು.

ಕಲೆ ಎಂದರೇನು?

ಹರಳಿನ ವ್ಯಾಪಾರದಲ್ಲಿ ‘ಇನ್‌ಕ್ಲೂಷನ್’ ಎಂದು ಕರೆಯುವುದನ್ನು ನಾವು ಒಳಗಲೆ ಎನ್ನಬಹುದು. ಭೂಗರ್ಭದಲ್ಲಿ ಹರಳು ಬೆಳೆಯುವಾಗ ಅದರೊಳಗೆ ಸಿಕ್ಕಿಕೊಂಡ ಬೇರೆ ಖನಿಜದ ಕಣಗಳು, ಸೂಜಿಯಂತಹ ಎಳೆಗಳು, ದ್ರವ ಅಥವಾ ಅನಿಲ ತುಂಬಿದ ಸಣ್ಣ ಗೂಡುಗಳು, ಬಿರುಕುಗಳು, ಬಿರುಕು ಮತ್ತೆ ಕೂಡಿಕೊಂಡ ಗುರುತುಗಳು ಇವೆಲ್ಲವೂ ಒಳಗಲೆಗಳೇ. ಅಂದರೆ ಅವು ಹರಳಿನ ಜನ್ಮದ ದಾಖಲೆಗಳು.

ಹರಳಿನ ದೋಷ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಗ್ರಂಥದಲ್ಲಿ ರಾಜನ ಕೋಶದ ಪ್ರಸಂಗದಲ್ಲಿಯೇ ರತ್ನಪರೀಕ್ಷೆಯ ವಿವರಣೆಯಿದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿಯ ಪೇಟೆಯಲ್ಲಿ ಮಾಣಿಕ್ಯ, ಪಚ್ಚೆ, ಮುತ್ತುಗಳ ಮಾರಾಟವನ್ನು ದಾಖಲಿಸಿದ್ದಾನೆ. ರತ್ನದ ಗುಣದೋಷಗಳನ್ನು ಬೊಕ್ಕಸದ ವಿಷಯವನ್ನಾಗಿ ನೋಡಿದ ಆ ದೃಷ್ಟಿ ಇಂದಿನ ವರ್ತಕನಿಗೂ ಅನ್ವಯಿಸುತ್ತದೆ. ಹರಳು ಸೌಂದರ್ಯದ ವಸ್ತುವಾಗಿರುವಂತೆಯೇ ದಾಸ್ತಾನಿನ ವಸ್ತುವೂ ಹೌದು.

ಎಲ್ಲ ಹರಳಿಗೂ ಒಂದೇ ಅಳತೆಗೋಲಲ್ಲ

ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿಐಎ ಬಣ್ಣದ ಹರಳುಗಳನ್ನು ಸ್ವಚ್ಛತೆಯ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಿದೆ. ಅಕ್ವಾಮರೀನ್, ಟಾಂಜನೈಟ್, ನೀಲಿ ಟೋಪಾಜ್‌ಗಳಂತಹವು ಮೊದಲನೆಯ ವರ್ಗಕ್ಕೆ ಸೇರಿದವು. ಇವು ಸಾಮಾನ್ಯವಾಗಿ ಬರಿಗಣ್ಣಿಗೆ ಸ್ವಚ್ಛವಾಗಿಯೇ ಸಿಗುತ್ತವೆ. ಮಾಣಿಕ್ಯ, ನೀಲ, ಗಾರ್ನೆಟ್, ಸ್ಪಿನೆಲ್, ಅಮೆಥಿಸ್ಟ್‌ಗಳು ಎರಡನೆಯ ವರ್ಗದವು. ಇವುಗಳಲ್ಲಿ ಅಷ್ಟಿಷ್ಟು ಒಳಗಲೆ ಸಹಜ. ಪಚ್ಚೆ ಮತ್ತು ಕೆಂಪು ಟರ್ಮಲಿನ್‌ಗಳು ಮೂರನೆಯ ವರ್ಗದವು. ಒಳಗಲೆಯಿಲ್ಲದ ಹರಳು ಇಲ್ಲಿ ಅಪರೂಪ. ಪಚ್ಚೆಯೊಳಗಿನ ಕಲೆಗಳ ಜಾಲಕ್ಕೆ ಫ್ರೆಂಚರು ‘ಜಾರ್ಡಿನ್’, ಅಂದರೆ ಉದ್ಯಾನ, ಎಂದು ಹೆಸರಿಟ್ಟಿರುವುದು ಈ ಕಾರಣದಿಂದಲೇ.

ಇದರಿಂದ ವರ್ತಕನು ಗ್ರಹಿಸಬೇಕಾದುದಿಷ್ಟು: ಕಣ್ಣಿಗೆ ಕಾಣುವ ಕಲೆಯುಳ್ಳ ಅಕ್ವಾಮರೀನ್ ಅನ್ನು ಕೊಳ್ಳಲು ಕಾರಣವೇ ಇಲ್ಲ, ಏಕೆಂದರೆ ಸ್ವಚ್ಛವಾದದ್ದು ಪಕ್ಕದ ಅಂಗಡಿಯಲ್ಲಿಯೇ ದೊರೆಯುತ್ತದೆ. ಅದೇ ಪ್ರಮಾಣದ ಕಲೆಯುಳ್ಳ ಪಚ್ಚೆ ಉತ್ತಮ ಹರಳೇ ಆಗಿರಬಹುದು. ಕಲೆಯನ್ನು ಅಳೆಯುವಾಗ ಅದು ಯಾವ ಹರಳಿನ ಕಲೆ ಎಂಬುದು ಮೊದಲ ಪ್ರಶ್ನೆ.

ಕಲೆಯೇ ಬೆಲೆ ತರುವ ಸಂದರ್ಭಗಳು

ಕೆಲವು ಹರಳುಗಳಲ್ಲಿ ಒಳಗಲೆಯೇ ಬೆಲೆಗೆ ಆಧಾರ. ಮಾಣಿಕ್ಯ ಮತ್ತು ನೀಲಗಳಲ್ಲಿ ರೂಟೈಲ್ ಎಂಬ ಖನಿಜದ ಅತಿಸೂಕ್ಷ್ಮ ಸೂಜಿಗಳು ಕ್ರಮವಾಗಿ ಜೋಡಿಸಿಕೊಂಡಿದ್ದು, ಹರಳನ್ನು ಗುಮ್ಮಟದಾಕಾರದಲ್ಲಿ ತಿದ್ದಿದಾಗ ಮೇಲೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ಕರ್ನಾಟಕದಲ್ಲಿ ದೊರೆಯುವ ನಕ್ಷತ್ರ ಮಾಣಿಕ್ಯಗಳು ಈ ಜಾತಿಯವೇ. ಅವು ಸಾಮಾನ್ಯವಾಗಿ ಮಸಕಾದ, ನೇರಳೆ ಛಾಯೆಯ, ಸಾಧಾರಣ ಬೆಲೆಯ ಹರಳುಗಳು. ಸೂಜಿಗಳಿಲ್ಲದಿದ್ದರೆ ಅವಕ್ಕೆ ಆ ಬೆಲೆಯೂ ಇರುತ್ತಿರಲಿಲ್ಲ. ಕಾಶ್ಮೀರದ ನೀಲಕ್ಕೆ ಮಖಮಲ್ಲಿನಂತಹ ಮೃದು ಕಾಂತಿ ಬಂದಿರುವುದು ಅದರೊಳಗಿನ ಅತಿಸಣ್ಣ ಕಣಗಳು ಬೆಳಕನ್ನು ಚದುರಿಸುವುದರಿಂದ. ರಷ್ಯದ ಯುರಲ್ ಪ್ರದೇಶದ ಡಿಮಾಂಟಾಯ್ಡ್ ಎಂಬ ಹಸಿರು ಗಾರ್ನೆಟ್‌ನಲ್ಲಿ ಕುದುರೆಯ ಬಾಲದಂತೆ ಹರಡಿರುವ ಎಳೆಗಳು ಕಂಡರೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ.

ಇನ್ನೊಂದು ಉಪಯೋಗವೂ ಇದೆ. ಒಳಗಲೆಯು ಹರಳು ನೈಸರ್ಗಿಕವೆಂಬುದಕ್ಕೆ ಸಾಕ್ಷಿ ನುಡಿಯಬಲ್ಲದು. ಫ್ರಾನ್ಸಿನ ವೆರ್ನಾಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ತಯಾರಾಗುವ ಕೃತಕ ಮಾಣಿಕ್ಯದಲ್ಲಿ ಬಾಗಿದ ಗೆರೆಗಳೂ ಅನಿಲದ ಗುಳ್ಳೆಗಳೂ ಕಾಣುತ್ತವೆ; ನೈಸರ್ಗಿಕ ಹರಳಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ ಅಥವಾ ಕೋನವಾಗಿ ಕೂಡುತ್ತವೆ. ಮಾಣಿಕ್ಯದೊಳಗೆ ರೂಟೈಲ್ ಸೂಜಿಗಳು ಮುರಿಯದೆ, ಕರಗದೆ ಅಖಂಡವಾಗಿದ್ದರೆ ಅದನ್ನು ಹೆಚ್ಚಿನ ಶಾಖಕ್ಕೆ ಒಳಪಡಿಸಿಲ್ಲವೆಂಬುದಕ್ಕೆ ಅದೊಂದು ಬಲವಾದ ಸೂಚನೆ. ಶಾಖ ಕೊಡದ ಉತ್ತಮ ಮಾಣಿಕ್ಯಕ್ಕೆ ಬೆಲೆ ಬಹಳ ಹೆಚ್ಚು. ಕೊಲಂಬಿಯಾದ ಪಚ್ಚೆಯಲ್ಲಿ ದ್ರವ, ಗುಳ್ಳೆ ಮತ್ತು ಉಪ್ಪಿನ ಸಣ್ಣ ಹರಳು ಮೂರೂ ಒಂದೇ ಗೂಡಿನಲ್ಲಿ ಕಾಣುವುದುಂಟು. ಆದರೆ ಇಂತಹ ಗೂಡುಗಳು ಬೇರೆ ದೇಶಗಳ ಕೆಲವು ಪಚ್ಚೆಗಳಲ್ಲಿಯೂ ಕಂಡುಬಂದಿರುವುದರಿಂದ ಅದೊಂದನ್ನೇ ನಂಬಿ ‘ಕೊಲಂಬಿಯಾ ಮಾಲು’ ಎಂದು ಹೆಚ್ಚಿನ ಬೆಲೆ ತೆರಬಾರದು.

ಕಲೆ ಕಾಣದಿರುವಾಗಲೇ ಹೆಚ್ಚಿನ ಎಚ್ಚರ

ಕಂಡ ಕಲೆಗಿಂತ ಮರೆಮಾಡಿದ ಕಲೆ ಹೆಚ್ಚು ಅಪಾಯಕಾರಿ. ಪಚ್ಚೆಯ ಬಿರುಕುಗಳಿಗೆ ಸೀಡರ್ ಮರದ ಎಣ್ಣೆಯಂತಹ ಬಣ್ಣವಿಲ್ಲದ ಎಣ್ಣೆಯನ್ನು ತುಂಬುವುದು ವ್ಯಾಪಾರದಲ್ಲಿ ದೀರ್ಘಕಾಲದಿಂದ ನಡೆದುಬಂದಿರುವ, ತಿಳಿಸಿ ಮಾಡಿದರೆ ಎಲ್ಲರೂ ಒಪ್ಪುವ ಕ್ರಮ. ಎಣ್ಣೆಯು ಬಿರುಕಿನೊಳಗೆ ಸೇರಿದಾಗ ಬೆಳಕು ಅಲ್ಲಿ ಚದುರುವುದು ಕಡಿಮೆಯಾಗಿ ಬಿರುಕು ಕಣ್ಮರೆಯಾಗುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಒಣಗಬಹುದು. ಆಗ ಗ್ರಾಹಕನು ‘ನಿಮ್ಮ ಹರಳು ಒಡೆದಿದೆ’ ಎಂದು ಅಂಗಡಿಗೆ ಬರುತ್ತಾನೆ. ಎಣ್ಣೆಯ ಬದಲು ರೆಸಿನ್ ತುಂಬುವುದೂ, ಎಣ್ಣೆಗೆ ಹಸಿರು ಬಣ್ಣ ಬೆರೆಸುವುದೂ ಉಂಟು. ಬಣ್ಣ ಬೆರೆಸಿದ ಎಣ್ಣೆಯು ಹರಳಿಗಿಲ್ಲದ ಬಣ್ಣವನ್ನು ಇದೆಯೆಂದು ತೋರಿಸುವುದರಿಂದ ಅದು ಕೇವಲ ಸಂಸ್ಕರಣವಲ್ಲ, ವಂಚನೆ.

ಮಾಣಿಕ್ಯದ ವಿಷಯ ಇನ್ನೂ ಗಂಭೀರ. 2004ರ ಸುಮಾರಿನಿಂದ ಸೀಸದ ಗಾಜನ್ನು ಕರಗಿಸಿ ತುಂಬಿದ ಮಾಣಿಕ್ಯಗಳು ಮಾರುಕಟ್ಟೆಗೆ ಬರತೊಡಗಿದವು. ಬಿರುಕುಗಳಿಂದ ತುಂಬಿದ, ಸ್ವಂತಕ್ಕೆ ಬೆಲೆಯಿಲ್ಲದ ಕಚ್ಚಾ ಮಾಲಿಗೆ ಈ ಗಾಜು ತುಂಬಿದರೆ ಅದು ಪಾರದರ್ಶಕವಾಗಿ ಹೊಳೆಯುತ್ತದೆ. ಕೆಲವು ಹರಳುಗಳಲ್ಲಿ ಗಾಜಿನ ಪಾಲು ಎಷ್ಟಿರುತ್ತದೆಯೆಂದರೆ ಪ್ರಯೋಗಾಲಯಗಳು ಅವನ್ನು ಮಾಣಿಕ್ಯವೆನ್ನದೆ ಗಾಜು ಮತ್ತು ಮಾಣಿಕ್ಯದ ಮಿಶ್ರವಸ್ತುವೆಂದೇ ವರದಿ ಮಾಡುತ್ತವೆ. ಈ ಗಾಜು ಅಕ್ಕಸಾಲಿಗನ ಊದುಬೆಂಕಿಗೂ, ಬೆಸುಗೆಯ ನಂತರ ಒಡವೆಯನ್ನು ತೊಳೆಯುವ ಆಮ್ಲಕ್ಕೂ ಹಾಳಾಗುತ್ತದೆ. ನಿಂಬೆರಸ ಕೂಡ ಅದನ್ನು ಕೊರೆಯಬಲ್ಲದು. ಬರಿಗಣ್ಣಿಗೆ ಸ್ವಚ್ಛವಾಗಿ ಕಾಣುವ ದೊಡ್ಡ ಮಾಣಿಕ್ಯವೊಂದು ಅಸಹಜವಾಗಿ ಅಗ್ಗದ ದರಕ್ಕೆ ಬಂದರೆ ಮೊದಲು ಈ ಶಂಕೆ ಮೂಡಬೇಕು. ಲೂಪ್‌ನಲ್ಲಿ ಹರಳನ್ನು ನಿಧಾನವಾಗಿ ಓಲಾಡಿಸಿ ನೋಡಿದಾಗ ನೀಲಿ ಅಥವಾ ಕಿತ್ತಳೆ ಬಣ್ಣದ ಮಿಂಚೂ, ಬಿರುಕಿನ ಸಮತಲದಲ್ಲಿ ಚಪ್ಪಟೆಯಾದ ಗುಳ್ಳೆಗಳೂ ಕಂಡರೆ ಆ ಪೊಟ್ಟಣವನ್ನು ಮಡಿಸಿ ಹಿಂದಿರುಗಿಸುವುದೇ ಲೇಸು.

ಹೀಗೆ ನೋಡಿದಾಗ, ಮಾರುವವನು ಮುಚ್ಚಿಡದೆ ತೋರಿಸಿದ ಕಲೆಯುಳ್ಳ, ಸಂಸ್ಕರಣವಿಲ್ಲದ ಹರಳು ಅನೇಕ ವೇಳೆ ಸುರಕ್ಷಿತ ಖರೀದಿ. ಅದರ ದೋಷ ನಿಮಗೆ ಗೊತ್ತಿದೆ. ಆ ದೋಷಕ್ಕೆ ತಕ್ಕಂತೆ ನೀವು ಬೆಲೆ ಇಳಿಸಿದ್ದೀರಿ. ನಾಳೆ ಅದು ಬೇರೆ ರೂಪ ತಾಳುವುದಿಲ್ಲ.

ಹರಳನ್ನು ನೋಡುವ ಕ್ರಮ

ಕಲೆಯ ಸಂಖ್ಯೆಯನ್ನು ಎಣಿಸುವುದರಿಂದ ಪ್ರಯೋಜನವಿಲ್ಲ. ನೋಡಬೇಕಾದ ಅಂಶಗಳು ಐದು.

1. ಬಿರುಕು ಮೇಲ್ಮೈಯನ್ನು ಮುಟ್ಟಿದೆಯೇ? ಒಳಗೇ ಇರುವ ಖನಿಜ ಕಣವು ನೋಟಕ್ಕೆ ಮಾತ್ರ ತೊಂದರೆ. ಮೇಲ್ಮೈಗೆ ಬಂದ ಬಿರುಕು ಬಾಳಿಕೆಗೆ ತೊಂದರೆ. ಎಣ್ಣೆ, ಗಾಜು ತುಂಬಲು ಸಾಧ್ಯವಾಗುವುದೂ ಇಂತಹ ಬಿರುಕುಗಳಲ್ಲಿಯೇ. ಪಚ್ಚೆಯ ಕಾಠಿಣ್ಯ ಮೋಸ್ ಮಾನದಲ್ಲಿ 7.5ರಿಂದ 8 ಇದ್ದರೂ ಬಿರುಕುಗಳಿಂದಾಗಿ ಪೆಟ್ಟು ತಡೆಯುವ ಶಕ್ತಿ ಅದಕ್ಕೆ ಕಡಿಮೆ.

2. ಕಲೆ ಎಲ್ಲಿದೆ? ಹರಳಿನ ಮೇಲ್ಮುಖದ ನಟ್ಟನಡುವೆ ಇರುವ ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಚಿನಲ್ಲಿರುವುದನ್ನು ಒಡವೆಯ ಹಿಡಿಗಳು ಮರೆಮಾಡಬಹುದು. ಆದರೆ ಹಿಡಿ ಒತ್ತುವ ಜಾಗದಲ್ಲಿಯೇ ಬಿರುಕಿದ್ದರೆ ಕೂರಿಸುವಾಗ ಹರಳು ಸೀಳಬಹುದು. ತಳದ ತುದಿಯ ಬಳಿಯಿರುವ ಒಂದೇ ಕಲೆ ಮುಖಗಳಲ್ಲಿ ಪ್ರತಿಫಲಿಸಿ ಹತ್ತಾಗಿ ಕಾಣುವುದೂ ಉಂಟು.

3. ಕಲೆಯ ಬಣ್ಣವೇನು? ತಿಳಿಬಣ್ಣದ ಹರಳಿನಲ್ಲಿ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ದಟ್ಟ ಬಣ್ಣದ ಹರಳಿನಲ್ಲಿ ಬಣ್ಣವಿಲ್ಲದ ಕಣವು ಕಾಣದೆಯೇ ಹೋಗಬಹುದು.

4. ಹೊಳಪು ಉಳಿದಿದೆಯೇ? ಕಲೆಗಳಿದ್ದರೂ ಬೆಳಕು ಒಳಹೊಕ್ಕು ಹಿಂದಿರುಗಿ ಬರುತ್ತಿದ್ದರೆ ಹರಳಿಗೆ ಜೀವವಿದೆ. ಇಡೀ ಹರಳು ಮಂಜು ಕವಿದಂತಿದ್ದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಗ್ರಾಹಕನು ಕೈಗೆತ್ತಿಕೊಳ್ಳುವುದಿಲ್ಲ.

5. ಮರುಕತ್ತರಿಕೆಗೆ ಅವಕಾಶವಿದೆಯೇ? ಅಂಚಿನ ಕಲೆಯನ್ನು ತೆಗೆದುಹಾಕಬಹುದು. ಆದರೆ ತೂಕ ಕಡಿಮೆಯಾಗುತ್ತದೆ. ಉಳಿಯುವ ತೂಕಕ್ಕೆ ದೊರೆಯುವ ಬೆಲೆಯು ಈಗಿನ ಬೆಲೆ ಮತ್ತು ಕೂಲಿ ಎರಡನ್ನೂ ಮೀರಿದರೆ ಮಾತ್ರ ಆ ಮಾತು.

ನೋಡುವ ಬೆಳಕೂ ಮುಖ್ಯ. ಅನುಭವಸ್ಥ ವರ್ತಕರು ಹಗಲಿನಲ್ಲಿ, ಉತ್ತರ ದಿಕ್ಕಿನ ಕಿಟಕಿಯ ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಬಿಳಿಯ ಕಾಗದದ ಮೇಲೆ ಹರಳನ್ನು ನೋಡುತ್ತಾರೆ. ಹಳದಿ ದೀಪವು ಮಾಣಿಕ್ಯಕ್ಕೆ ಇಲ್ಲದ ಕೆಂಪನ್ನು ಕೊಡುತ್ತದೆ. ಎಣ್ಣೆಯ ಅಥವಾ ನೀರಿನ ತೇವವು ಬಿರುಕನ್ನು ಮರೆಸುವುದರಿಂದ ಹರಳನ್ನು ಒರೆಸಿ ನೋಡಬೇಕು. ಮೊದಲು ಓದುವಷ್ಟು ದೂರದಲ್ಲಿ ಬರಿಗಣ್ಣಿನಿಂದ, ಅನಂತರ 10 ಪಟ್ಟಿನ ಲೂಪ್‌ನಿಂದ ನೋಡುವುದು ಸರಿಯಾದ ಅನುಕ್ರಮ. ಗ್ರಾಹಕನು ಕೊಳ್ಳುವುದು ಬರಿಗಣ್ಣಿನಿಂದ. ಲೂಪ್ ಇರುವುದು ನಮ್ಮ ಎಚ್ಚರಕ್ಕೆ. ತೂಕವನ್ನು ಕ್ಯಾರೆಟ್‌ನಲ್ಲಿಯೇ ಬರೆಸಿಕೊಳ್ಳಬೇಕು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ‘ರತ್ತಿ’ಯ ತೂಕವು ಊರಿಂದೂರಿಗೆ ಬದಲಾಗುತ್ತದೆ.

ಹೆಚ್ಚಿನ ಬೆಲೆಯ ಹರಳಾದರೆ ಪ್ರಯೋಗಾಲಯದ ವರದಿ ಪಡೆಯುವುದು ಅವಶ್ಯಕ. ಪಚ್ಚೆಗೆ ಸಂಬಂಧಿಸಿದ ವರದಿಯಲ್ಲಿ ಬಿರುಕು ತುಂಬಿದ ಪ್ರಮಾಣವನ್ನು ಅಲ್ಪ, ಮಧ್ಯಮ, ಅಧಿಕ ಎಂಬಂತೆ ನಮೂದಿಸುವ ಪದ್ಧತಿಯಿದೆ. ವರದಿಯು ಹರಳು ಯಾವುದು, ಅದಕ್ಕೆ ಏನು ಮಾಡಲಾಗಿದೆ ಎಂಬುದನ್ನು ಹೇಳುತ್ತದೆ. ಆ ಬೆಲೆಗೆ ಕೊಳ್ಳಬಹುದೇ ಎಂಬುದನ್ನಲ್ಲ.

ಬಳಕೆ ಮೊದಲು, ಬೆಲೆ ಅನಂತರ

ಒಂದೇ ಹರಳು ಒಬ್ಬ ವರ್ತಕನಿಗೆ ಲಾಭದಾಯಕವಾಗಿ ಇನ್ನೊಬ್ಬನಿಗೆ ಹೊರೆಯಾಗುವುದುಂಟು. ಜಾತಕದ ಆಧಾರದ ಮೇಲೆ ಉಂಗುರ ಮಾಡಿಸುವ ಗ್ರಾಹಕನು ದೋಷವಿಲ್ಲದ ಹರಳನ್ನೇ ಕೇಳುತ್ತಾನೆ. ಬಿರುಕುಳ್ಳ ಹರಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಒಲ್ಲೆನೆನ್ನುತ್ತಾನೆ. ಆ ಗಿರಾಕಿಗಳೇ ಹೆಚ್ಚಾಗಿರುವ ಅಂಗಡಿಯು ಕಲೆಯ ಮಾಲನ್ನು ಕೊಳ್ಳಬಾರದು. ದೇವಾಲಯ ಶೈಲಿಯ ಒಡವೆಗಳಲ್ಲಿ, ಹಿಂಬದಿ ಮುಚ್ಚಿದ ಕುಂದಣದ ಕೆಲಸದಲ್ಲಿ, ಪಚ್ಚೆ ಮಣಿಗಳ ಸರದಲ್ಲಿ, ಗುಮ್ಮಟದಾಕಾರದ ಹರಳುಗಳಲ್ಲಿ ಬಣ್ಣವೇ ಪ್ರಧಾನ. ಅಲ್ಲಿ ಮಧ್ಯಮ ಪ್ರಮಾಣದ ಒಳಗಲೆಯು ಅಡ್ಡಿಯಾಗದು. ಬೆರಳಿನ ಉಂಗುರವು ದಿನವೂ ಪೆಟ್ಟು ತಿನ್ನುತ್ತದೆ; ಕಿವಿಯೋಲೆ, ಪದಕಗಳು ತಿನ್ನುವುದಿಲ್ಲ. ಆದ್ದರಿಂದ ಮೇಲ್ಮೈ ಬಿರುಕುಳ್ಳ ಪಚ್ಚೆಯನ್ನು ಉಂಗುರಕ್ಕೆ ಬಳಸದೆ ಓಲೆಗೆ ಬಳಸುವುದು ವಿವೇಕ.

ಅಗ್ಗದ ಮಾಲಿನ ನಿಜವಾದ ದರ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ಭಾವಿಸಿಕೊಂಡವು, ಪೇಟೆಯ ದರಗಳಲ್ಲ.

ಒಬ್ಬ ತಯಾರಕನ ಮುಂದೆ ತಲಾ 100 ಕ್ಯಾರೆಟ್‌ನ ಎರಡು ಪಚ್ಚೆ ಪೊಟ್ಟಣಗಳಿವೆಯೆಂದು ಭಾವಿಸೋಣ. ಕಲೆಯುಳ್ಳದ್ದಕ್ಕೆ ಕ್ಯಾರೆಟ್‌ಗೆ 2,000 ರೂ.; ಸ್ವಚ್ಛವಾದುದಕ್ಕೆ 4,600 ರೂ. ಕಲೆಯ ಹರಳನ್ನು 3,200 ರೂ.ಗಳಿಗೂ ಸ್ವಚ್ಛವಾದುದನ್ನು 6,000 ರೂ.ಗಳಿಗೂ ಮಾರಬಹುದೆಂದು ಅವನ ಅಂದಾಜು. ಮೇಲ್ನೋಟಕ್ಕೆ ಮೊದಲನೆಯದರಲ್ಲಿ ಶೇಕಡ 60, ಎರಡನೆಯದರಲ್ಲಿ ಸುಮಾರು ಶೇಕಡ 30 ಲಾಭ.

ಕಲೆಯ ಪೊಟ್ಟಣದಲ್ಲಿ 15 ಕ್ಯಾರೆಟ್ ಕೆಲಸಕ್ಕೆ ಬಾರದೆ 500 ರೂ. ದರದಲ್ಲಿ ವಿಲೇವಾರಿಯಾಯಿತು, 8 ಕ್ಯಾರೆಟ್ ಕೂರಿಸುವಾಗ ಒಡೆದುಹೋಯಿತು. ಉಳಿದದ್ದು 77 ಕ್ಯಾರೆಟ್. ಕೊಟ್ಟ 2,00,000 ರೂ.ಗಳಲ್ಲಿ ಹಿಂದಿರುಗಿದ 7,500 ರೂ. ಕಳೆದರೆ 1,92,500 ರೂ. ಅಂದರೆ ಬಳಕೆಗೆ ಬಂದ ಕ್ಯಾರೆಟ್‌ಗೆ 2,500 ರೂ. ಸ್ವಚ್ಛ ಪೊಟ್ಟಣದಲ್ಲಿ 4 ಕ್ಯಾರೆಟ್ 1,000 ರೂ. ದರದಲ್ಲಿ ಹೋಗಿ, 1 ಕ್ಯಾರೆಟ್ ಒಡೆದು, 95 ಕ್ಯಾರೆಟ್ ಉಳಿಯಿತು. 4,56,000 ರೂ.ಗಳನ್ನು 95ರಿಂದ ಭಾಗಿಸಿದರೆ 4,800 ರೂ.

ಇನ್ನು ಬಡ್ಡಿ. ವಾರ್ಷಿಕ ಶೇಕಡ 12ರ ಸರಳ ಬಡ್ಡಿಯಲ್ಲಿ ಸ್ವಚ್ಛ ಹರಳು 6 ತಿಂಗಳಲ್ಲಿ ಮಾರಾಟವಾದರೆ 288 ರೂ. ಸೇರಿ 5,088 ರೂ.; ಉಳಿಯುವ ಲಾಭ 912 ರೂ., ಅಂದರೆ 4,800 ರೂ.ಗಳ ಮೇಲೆ ಶೇಕಡ 19. ಕಲೆಯ ಹರಳು 18 ತಿಂಗಳು ಕಪಾಟಿನಲ್ಲಿ ಕುಳಿತರೆ 450 ರೂ. ಸೇರಿ 2,950 ರೂ.; ಲಾಭ 250 ರೂ., ಅಂದರೆ ಶೇಕಡ 10, ಅದೂ ಒಂದೂವರೆ ವರ್ಷಕ್ಕೆ. ಒಡೆದ ಹರಳುಗಳಿಗೆ ವ್ಯಯವಾದ ಕೂಲಿಯನ್ನು ಇಲ್ಲಿ ಸೇರಿಸಿಲ್ಲ. ಅಗ್ಗವೆಂದು ಮುಗ್ಗಲು ಜೋಳ ತಂದಂತಾಯಿತು.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಿ. ಅದೇ ಕಲೆಯ ಹರಳಿಗೆ ಮೊದಲೇ ಗಿರಾಕಿ ನಿಶ್ಚಯವಾಗಿದ್ದು 6 ತಿಂಗಳಲ್ಲಿ ಮಾರಾಟವಾದರೆ ಬಡ್ಡಿ ಕೇವಲ 150 ರೂ.; ಲಾಭ 550 ರೂ., ಅಂದರೆ ಶೇಕಡ 22. ಸ್ವಚ್ಛ ಮಾಲಿಗಿಂತ ಹೆಚ್ಚಿನ ಪ್ರತಿಫಲ, ಅದೂ ಅರ್ಧಕ್ಕಿಂತ ಕಡಿಮೆ ಬಂಡವಾಳದಲ್ಲಿ. ಒಳಗಲೆಗಳು ಎರಡು ಸಂದರ್ಭಗಳಲ್ಲಿಯೂ ಅವೇ. ಲಾಭನಷ್ಟವನ್ನು ನಿರ್ಧರಿಸಿದ್ದು ಒಡೆಯುವ ಪ್ರಮಾಣ ಮತ್ತು ಮಾರಾಟಕ್ಕೆ ಹಿಡಿಯುವ ಕಾಲ.

ಆರಿಸಿ ಮಾರಿದ ಮೇಲೆ ಉಳಿದದ್ದು

ಲೆಕ್ಕ ಪರಿಶೋಧನೆಯ ವೇಳೆ ಹರಳಿನ ದಾಸ್ತಾನಿನಲ್ಲಿ ಮತ್ತೆ ಮತ್ತೆ ಕಂಡುಬರುವ ಒಂದು ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದು ಅಗತ್ಯ. ವರ್ತಕನು ಪೊಟ್ಟಣವನ್ನು ಸರಾಸರಿ ದರದಲ್ಲಿ ಕೊಳ್ಳುತ್ತಾನೆ. ಗ್ರಾಹಕನು ಅದರಲ್ಲಿ ಉತ್ತಮವಾದುದನ್ನು ಆರಿಸಿಕೊಂಡು ಹೋಗುತ್ತಾನೆ. ಉಳಿದ ಹರಳುಗಳು ದಾಸ್ತಾನು ಪುಸ್ತಕದಲ್ಲಿ ಹಳೆಯ ಸರಾಸರಿ ದರದಲ್ಲಿಯೇ ಮುಂದುವರಿಯುತ್ತವೆ.

ಇನ್ನೊಂದು ಉದಾಹರಣೆ. ಬಿಡಿ ಹರಳು ಮಾರುವ ವರ್ತಕನೊಬ್ಬನು 100 ಕ್ಯಾರೆಟ್‌ನ್ನು 2,00,000 ರೂ.ಗಳಿಗೆ ಕೊಂಡು ಮೂರು ದರ್ಜೆಗಳಾಗಿ ವಿಂಗಡಿಸಿದನು. ಮೊದಲ ದರ್ಜೆಯ 30 ಕ್ಯಾರೆಟ್ 4,500 ರೂ. ದರದಲ್ಲಿ, ಎರಡನೆಯ 40 ಕ್ಯಾರೆಟ್ 2,500 ರೂ. ದರದಲ್ಲಿ, ಮೂರನೆಯ 30 ಕ್ಯಾರೆಟ್ 500 ರೂ. ದರದಲ್ಲಿ ಮಾರಾಟವಾಗಬಹುದು. ಒಟ್ಟು 2,50,000 ರೂ. ಅಂದರೆ ಖರೀದಿ ವೆಚ್ಚವು ಮಾರಾಟ ಮೌಲ್ಯದ ಶೇಕಡ 80. ಈ ಪ್ರಮಾಣದಲ್ಲಿ ವೆಚ್ಚವನ್ನು ಹಂಚಿದರೆ ದರ್ಜೆವಾರು 3,600, 2,000 ಮತ್ತು 400 ರೂ. ಆಗುತ್ತದೆ.

ಮೊದಲ ದರ್ಜೆ ಮಾತ್ರ 1,35,000 ರೂ.ಗಳಿಗೆ ಮಾರಾಟವಾಯಿತೆನ್ನೋಣ. ಸರಾಸರಿ ದರದ ಪ್ರಕಾರ ವೆಚ್ಚ 60,000 ರೂ., ಲಾಭ 75,000 ರೂ. ದರ್ಜೆವಾರು ಲೆಕ್ಕದಲ್ಲಿ ವೆಚ್ಚ 1,08,000 ರೂ., ಲಾಭ 27,000 ರೂ. ವ್ಯತ್ಯಾಸದ 48,000 ರೂ. ಕಾಗದದ ಮೇಲಿನ ಲಾಭ. ಅದಕ್ಕೆ ಆ ವರ್ಷ ತೆರಿಗೆ ಕಟ್ಟಬೇಕಾಗುತ್ತದೆ. ಪುಸ್ತಕದಲ್ಲಿ ಉಳಿದ ದಾಸ್ತಾನು 1,40,000 ರೂ.; ಅದೆಲ್ಲವೂ ಅಂದಾಜಿನಂತೆ ಮಾರಾಟವಾದರೂ ಬರುವುದು 1,15,000 ರೂ. ಮಾತ್ರ. ಈ ದಾಸ್ತಾನಿನ ಮೇಲೆ ಬ್ಯಾಂಕು ಶೇಕಡ 25ರ ಮಾರ್ಜಿನ್ ಕಳೆದು ಸಾಲ ಕೊಡುತ್ತಿದ್ದರೆ 1,05,000 ರೂ. ಎತ್ತಬಹುದು, ದರ್ಜೆವಾರು ವೆಚ್ಚವಾದ 92,000 ರೂ.ಗಳ ಮೇಲೆ ಎತ್ತಬಹುದಾದದ್ದು 69,000 ರೂ. ಹೀಗೆ ವರ್ಷ ವರ್ಷವೂ ನಡೆದರೆ ವರ್ತಕನು ಲಾಭ ತೋರಿಸುತ್ತಲೇ, ತೆರಿಗೆ ಕಟ್ಟುತ್ತಲೇ, ಸಾಲವನ್ನು ಬೆಳೆಸುತ್ತಲೇ ಹೋಗುತ್ತಾನೆ. ಕಪಾಟಿನಲ್ಲಿ ಮಾತ್ರ ಯಾರೂ ಆರಿಸದ ಹರಳುಗಳು ತುಂಬುತ್ತವೆ. ಬ್ಯಾಂಕು ಒಂದು ದಿನ ಸ್ವತಂತ್ರ ಮೌಲ್ಯಮಾಪನ ಮಾಡಿಸಿದಾಗ ಸತ್ಯ ಹೊರಬೀಳುತ್ತದೆ. ಚಿಕ್ಕ ಸಂಸ್ಥೆಯೊಂದು ಮುಚ್ಚಿಹೋಗಲು ಅಷ್ಟು ಸಾಕು.

ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2, ಒಂದಕ್ಕೊಂದು ಬದಲಿಯಾಗದ ವಸ್ತುಗಳಿಗೆ ಪ್ರತ್ಯೇಕವಾಗಿಯೇ ವೆಚ್ಚವನ್ನು ಗುರುತಿಸಬೇಕೆಂದೂ, ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯಗಳಲ್ಲಿ ಕಡಿಮೆಯಾದುದನ್ನು ತೆಗೆದುಕೊಳ್ಳಬೇಕೆಂದೂ ವಿಧಿಸುತ್ತದೆ. ಹರಳುಗಳು ಒಂದಕ್ಕೊಂದು ಬದಲಿಯಾಗದ ವಸ್ತುಗಳಿಗೆ ಒಳ್ಳೆಯ ನಿದರ್ಶನ. ಆದುದರಿಂದ ಪೊಟ್ಟಣ ಬಂದ ದಿನವೇ ವಿಂಗಡಿಸಿ, ದರ್ಜೆವಾರು ತೂಕ ಮತ್ತು ವೆಚ್ಚವನ್ನು ಬರೆದು, ಖರೀದಿ ಬಿಲ್ಲಿನೊಡನೆ ಇರಿಸುವುದು ಕ್ಷೇಮ.

ಕಾನೂನು ಯಾರ ಪರ?

ವಾಣಿಜ್ಯ ಪದವಿಯ ತರಗತಿಯಲ್ಲಿ ಓದಿದ 1930ರ ಸರಕು ಮಾರಾಟ ಅಧಿನಿಯಮವು ಈ ವಿಷಯದಲ್ಲಿ ನೇರವಾಗಿ ಅನ್ವಯಿಸುತ್ತದೆ. ಅದರ 16ನೆಯ ಪ್ರಕರಣದ ಪ್ರಕಾರ, ಆ ಬಗೆಯ ಸರಕಿನಲ್ಲಿ ವ್ಯವಹರಿಸುವವನಿಂದ ವರ್ಣನೆಯ ಆಧಾರದ ಮೇಲೆ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಆದರೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ದೊರೆಯುವುದಿಲ್ಲ. ಅಂದರೆ ಬರಿಗಣ್ಣಿಗೆ ಕಾಣುವ ಕಲೆಯ ಬಗ್ಗೆ, ಹರಳನ್ನು ನೋಡಿ ಕೊಂಡವನು ಅನಂತರ ದೂರುವಂತಿಲ್ಲ. ಗಾಜು ತುಂಬಿದ್ದನ್ನು ಮುಚ್ಚಿಟ್ಟು ‘ನೈಸರ್ಗಿಕ ಮಾಣಿಕ್ಯ’ ಎಂದು ಬಿಲ್ಲಿನಲ್ಲಿ ಬರೆದು ಮಾರಿದ್ದರೆ ಮಾತು ಬೇರೆ. ವರ್ಣನೆಗೆ ಸರಕು ಹೊಂದಬೇಕೆಂಬ 15ನೆಯ ಪ್ರಕರಣವು ಕೊಂಡವನ ನೆರವಿಗೆ ಬರುತ್ತದೆ. ಇದರಿಂದ ಹೊರಡುವ ಪಾಠ: ಕಾಣುವುದನ್ನು ಕಣ್ಣಿನಿಂದ ನೋಡಿ, ಕಾಣದಿರುವುದನ್ನು ಬಿಲ್ಲಿನಲ್ಲಿ ಬರೆಸಿ. ಹರಳಿನ ಹೆಸರು, ನೈಸರ್ಗಿಕವೋ ಕೃತಕವೋ, ಸಂಸ್ಕರಣವೇನು, ತೂಕವೆಷ್ಟು ಈ ನಾಲ್ಕೂ ಬಿಲ್ಲಿನಲ್ಲಿರಲಿ. ನಿಮ್ಮ ಗ್ರಾಹಕನಿಗೂ ಹಾಗೆಯೇ ಬರೆದುಕೊಡಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮುಂದೆ ನಿಲ್ಲಬೇಕಾದವರು ನೀವು.

ಹರಳಿನ ವ್ಯಾಪಾರದಲ್ಲಿ ‘ಜಂಗಡ್’, ಅಂದರೆ ಒಪ್ಪಿಗೆಯಾದರೆ ಇಟ್ಟುಕೊಳ್ಳುವ ಷರತ್ತಿನ ಮೇಲೆ ಮಾಲು ಪಡೆಯುವ ಪದ್ಧತಿ ಪ್ರಚಲಿತವಾಗಿದೆ. ಕಲೆಯ ಮಾಲಿಗೆ ಇದು ಬಹು ಉಪಯುಕ್ತ. ಅಕ್ಕಸಾಲಿಗನಿಗೂ ಪ್ರಯೋಗಾಲಯಕ್ಕೂ ತೋರಿಸಲು ಸಮಯ ದೊರೆಯುತ್ತದೆ. ಆದರೆ ಹಿಂದಿರುಗಿಸುವ ಗಡುವನ್ನು ಚೀಟಿಯಲ್ಲಿ ಬರೆಸಬೇಕು; ಗಡುವು ಮೀರಿ ಇಟ್ಟುಕೊಂಡರೆ ಕೊಂಡಂತೆಯೇ. ಜಿಎಸ್‌ಟಿ ಕಾಯಿದೆಯ ಪ್ರಕಾರವೂ ಒಪ್ಪಿಗೆಗಾಗಿ ಕಳುಹಿಸಿದ ಸರಕಿಗೆ, ಕಳುಹಿಸಿದ ದಿನದಿಂದ 6 ತಿಂಗಳೊಳಗೆ ಇನ್‌ವಾಯ್ಸ್ ಆಗಲೇಬೇಕು. 2017ರ ಏಪ್ರಿಲ್ 1ರಿಂದ 2 ಲಕ್ಷ ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ನಿಷಿದ್ಧವಾಗಿರುವುದನ್ನೂ ನೆನಪಿಡಬೇಕು. ನಗದಿಗೆ ಬಿಲ್ಲಿಲ್ಲದೆ ಕೊಂಡ ಹರಳಿಗೆ ಮೇಲೆ ಹೇಳಿದ ಯಾವ ರಕ್ಷಣೆಯೂ ಕೈಗೆಟಕದು.

ನಿರ್ಧಾರ

ಸಾರಾಂಶವಾಗಿ ಹೇಳುವುದಾದರೆ, ಕಣ್ಣಿಗೆ ಕಾಣುವ ಕಲೆಯುಳ್ಳ ಹರಳನ್ನು ಕೊಳ್ಳಲು ಈ ನಿಬಂಧನೆಗಳು ಪೂರೈಸಬೇಕು: ಆ ಜಾತಿಯ ಹರಳಿಗೆ ಒಳಗಲೆ ಸಹಜವಾಗಿರಬೇಕು, ಬಣ್ಣವೂ ಹೊಳಪೂ ಉಳಿದಿರಬೇಕು, ಬಿರುಕು ಮೇಲ್ಮೈಗೆ ಬಂದಿರಬಾರದು, ಬಂದಿದ್ದರೆ ಒಡವೆಯ ವಿನ್ಯಾಸವು ಅದನ್ನು ಕಾಪಾಡುವಂತಿರಬೇಕು, ಸಂಸ್ಕರಣದ ವಿವರ ಲಿಖಿತವಾಗಿರಬೇಕು, ಒಡೆಯುವ ಪ್ರಮಾಣ ಮತ್ತು ಬಡ್ಡಿ ಸೇರಿಸಿದ ದರಕ್ಕೆ ಲಾಭ ಉಳಿಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕೊಳ್ಳುವ ಗಿರಾಕಿ ಯಾರೆಂಬುದು ಖರೀದಿಯ ಮೊದಲೇ ಗೊತ್ತಿರಬೇಕು. ಇವುಗಳಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಪೊಟ್ಟಣವನ್ನು ಜಂಗಡ್ ಮೇಲೆ ತನ್ನಿರಿ. ಅದಕ್ಕೂ ಒಪ್ಪದಿದ್ದರೆ ಅಲ್ಲಿಯೇ ಬಿಡಿ.

ಹರಳಿನೊಳಗಿನ ಕಲೆಯನ್ನು ಯಾರೂ ಅಳಿಸಲಾರರು. ಲೆಕ್ಕದ ಪುಸ್ತಕಕ್ಕೆ ಆ ಕಲೆ ಅಂಟದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.